ಗೋದಲಿಗೊಂದು ಬಾಣಂತನ

ಎಲ್ಲರ ಮನೆಯಲ್ಲೂ ಹಬ್ಬ ಬರುತ್ತದೆ, ಹೋಗುತ್ತದೆ. ನಮ್ಮಲ್ಲಿ ಮಾತ್ರ ಕ್ರಿಸ್ಮಸ್ ಹಬ್ಬ ಏನಾದರೊಂದು ಫಜೀತಿ ಮಾಡದೆ ಹೋದದ್ದೇ ಇಲ್ಲ. ಒಂದು ವರ್ಷ ನಾಟಕಕ್ಕೆಂದು ತಂದ ನಿಜವಾದ ಕುರಿ, ಯೇಸು ಹುಟ್ಟಿದ ಕೊಟ್ಟಿಗೆಯೆಂದು ನಾವು ಕಟ್ಟುವ ಗೋದಲಿಯ ಹುಲ್ಲನ್ನೆಲ್ಲ ತಿಂದು, ಯೋಸೇಫನ ಪಂಚೆಗೂ ಬಾಯಿ ಹಾಕಿತು. ಇನ್ನೊಂದು ವರ್ಷ ದೇವದೂತನ ರೆಕ್ಕೆ ಫ್ಯಾನಿಗೆ ಸಿಕ್ಕಿತು. ಮೂವತ್ತು ವರ್ಷ ಮಾನ್ವಿಯ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿ ದುಡಿದು ನಿವೃತ್ತಳಾದ ನನಗೆ ಇಂಥವೆಲ್ಲ ಅಭ್ಯಾಸ. ಆದರೆ ಹೋದ ಡಿಸೆಂಬರಿನಲ್ಲಿ ಆದದ್ದೇ ಬೇರೆ. ಅದನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಪಂಥ

ನಮ್ಮ ಪಾಸ್ಟರು ಹೊಸಬರು. ವಯಸ್ಸು ಮೂವತ್ತರೊಳಗೆ. ಮದುವೆಯಿಲ್ಲ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆಯ ನಮ್ಮ ಸಣ್ಣ ಸಣ್ಣ ಚರ್ಚ್ ಸಭೆಗಳು ಅವರೊಬ್ಬರ ಹೆಗಲ ಮೇಲೆ. ಹಾಗೆಯೇ ಮೂರೂ ಕಡೆಯ ಕ್ರಿಸ್ಮಸ್ ಅಲಂಕಾರ ನನ್ನೊಬ್ಬಳ ಹೆಗಲ ಮೇಲೆ. ಡಿಸೆಂಬರ್ ಮೊದಲ ವಾರ ಅವರು ನನ್ನನ್ನು ಕರೆದು ಕೂರಿಸಿದರು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಈ ನಕ್ಷತ್ರ, ಈ ಕೆಂಪಂಗಿ ತಾತ, ಈ ಗೋದಲಿ, ಇದೆಲ್ಲ ಬರೀ ತೋರಿಕಿ ಆಗ್ಯಾದ. ಮಂದಿ ಬರ್ತಾರ, ಫೋಟೊ ಹೊಡಕೋತಾರ, ಕೇಕ್ ತಿಂತಾರ, ಹೋಗ್ತಾರ. ಅರ್ಥ ಎಲ್ಲಿ ಅದ?"

ಸಿಟ್ಟಾಗಬೇಡಿ ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೊದಲು ಬರುವುದೇ ಸಿಟ್ಟು. "ಅರ್ಥ ಗೊಂಬ್ಯಾಗ ಇರಂಗಿಲ್ಲರಿ ಅಯ್ಯನೋರ, ನೋಡಾವ್ರ ಕಣ್ಣಾಗ ಇರ್ತದ" ಅಂದೆ.

"ಹಂಗಾರ ಒಂದು ಮಾತು. ಇವನ್ನೆಲ್ಲ ನೋಡಿ ಒಬ್ಬರರ ಈ ಹಬ್ಬದ ಅರ್ಥ ತಮ್ಮ ಬಾಯಿಲೆ ಹೇಳಲಿ. ನಾವು ಹೇಳಿಕೊಟ್ಟದ್ದಲ್ಲ, ಅವ್ರಿಗೆ ತಿಳದದ್ದು. ಹೇಳಿದ್ರ ಗೋದಲಿ ಇರ್ಲಿ. ಇಲ್ಲಂದ್ರ ಬರೋ ವರ್ಷದಿಂದ ಪೆಟ್ಟಿಗ್ಯಾಗೇ ಇರ್ಲಿ. ಬರೀ ಪ್ರಾರ್ಥನಾ ಮಾಡೋಣ."

ಆ ಪೆಟ್ಟಿಗೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ರಾಯಚೂರು, ಮಾನ್ವಿಯ ಗೊಂಬೆಗಳು ಅಂಗಡಿಯವು. ದೇವದುರ್ಗದಲ್ಲಿ ಇಡುವ ಮೊಳದುದ್ದದ ಪ್ಲಾಸ್ಟರ್ ಗೊಂಬೆಗಳು ನನ್ನ ಅವ್ವನವು. ಅವ್ವನಿಗೆ ಓದು ಬರುತ್ತಿರಲಿಲ್ಲ. ಬೈಬಲಿನ ಕಥೆಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡು, ತಗಡಿನ ಪೆಟ್ಟಿಗೆಯಲ್ಲಿ ಮರಿಯಳು, ಯೋಸೇಫ, ಕೂಸು, ಕುರುಬರು, ಮೂವರು ಜ್ಞಾನಿಗಳನ್ನು ತಲೆಯ ಮೇಲೆ ಹೊತ್ತು ದೇವದುರ್ಗದ ಸುತ್ತಲಿನ ಹಳ್ಳಿಗಳಿಗೆ ನಡೆದು ಹೋಗುತ್ತಿದ್ದಳು. "ಕಥಿ ಹೇಳಿದ್ರ ಕಿವಿಗೆ ಹೋಗ್ತದ, ಗೊಂಬಿ ತೋರಿಸಿದ್ರ ಮನಿಗೆ ಹೋಗ್ತದ" ಅನ್ನುತ್ತಿದ್ದಳು. ಆ ಗೊಂಬೆಗಳು ಪೆಟ್ಟಿಗೆಯಲ್ಲೇ ಉಳಿದರೆ ಅವ್ವನ ನಡಿಗೆಯೇ ನಿಂತಂತೆ ಎಂದು ನನಗೆ ಅನಿಸಿತು.

"ಆಗಲಿ" ಅಂದೆ. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ನಮ್ಮ ಯಜಮಾನರು ನಿವೃತ್ತ ಬಸ್ ಕಂಡಕ್ಟರ್. ಅವರು ಕೇಳಿದ್ದು ಒಂದೇ ಮಾತು: "ಆ ಹುಡುಗಪ್ಪ ಸೋತ್ರ ಏನು ಕೊಡ್ತಾನಂತ?" ಅದನ್ನು ಕೇಳುವುದನ್ನು ನಾನು ಮರೆತಿದ್ದೆ.

ನಕ್ಷತ್ರ ಇದ್ದ ಮನೆ

ಮೊದಲ ಪರೀಕ್ಷೆ ರಾಯಚೂರಿನಲ್ಲಿ. ಸಂಜೆ ಹಾಡಿನ ತಂಡ ಕಟ್ಟಿಕೊಂಡು ಮನೆ ಮನೆಗೆ ಹೋಗುವ ಕಾರ್ಯಕ್ರಮ. ಪಾಸ್ಟರು ಊರಿಗೆ ಹೊಸಬರು, ಯಾರ ಮನೆ ಎಲ್ಲಿ ಎಂದು ತಿಳಿಯದು. ನಾನು ಬಹಳ ಜಂಬದಿಂದ, "ಬಾಗಿಲಿಗೆ ನಕ್ಷತ್ರ ಕಟ್ಟಿದ ಮನಿ ನೋಡ್ರಿ, ಅದು ನಮ್ಮದೇ. ಸೀದಾ ಒಳಗ ಹೋಗ್ರಿ" ಅಂದುಬಿಟ್ಟೆ. ಹತ್ತು ವರ್ಷದ ಹಿಂದಾದರೆ ಆ ಮಾತು ನಿಜವಿತ್ತು.

ಮೊದಲ ನಕ್ಷತ್ರದ ಮನೆ ಹೊಕ್ಕೆವು. ಎರಡು ಹಾಡು ಮುಗಿಸಿ ಕಣ್ಣು ತೆರೆದರೆ ಎದುರಿನ ಗೋಡೆಯ ಮೇಲೆ ಬುದ್ಧನ ಪಟ. ಮನೆಯ ಯಜಮಾನರು ಕಾಲೇಜಿನ ಲೆಕ್ಚರರ್. ಹಾಡು ಮುಗಿಯುವ ತನಕ ಕೈಕಟ್ಟಿಕೊಂಡು ಕೇಳಿದರು. ಪಾಸ್ಟರು, "ಸರ, ನೀವು ನಕ್ಷತ್ರ ಯಾಕ ಕಟ್ಟೀರಿ?" ಎಂದು ಆಸೆಯಿಂದ ಕೇಳಿದರು.

"ಓಣಿ ಲೈಟು ಕೆಟ್ಟು ಹದಿನೈದು ದಿನ ಆತ್ರಿ. ಬೆಳಕು ಬೇಕಾಗಿತ್ತು."

ಚಹಾ ಕೊಟ್ಟರು. ಎರಡನೆಯ ಮನೆಯಲ್ಲಿ ತುಳಸಿಕಟ್ಟೆ ಇತ್ತು. ಅಲ್ಲಿ ಕಟ್ಟಿದ್ದು ಮೊಮ್ಮಗಳ ಹಠಕ್ಕೆ. ಅಲ್ಲೂ ಚಹಾ. ಮೂರನೆಯದು ಒಬ್ಬ ಮುಸಲ್ಮಾನ ಅಜ್ಜಿಯ ಮನೆ. ಮಗನ ಶಾದಿಗೆ ಹಾಕಿದ ಲೈಟಿನ ಸರದ ಜೊತೆ ಅಂಗಡಿಯವನು ನಕ್ಷತ್ರ ಪುಕ್ಕಟೆ ಕೊಟ್ಟಿದ್ದನಂತೆ. "ಹಾಡ್ರಿ ಹಾಡ್ರಿ, ಶಾದಿ ಮನಿ, ಹಾಡು ಬೇಕೇ ಬೇಕು" ಎಂದು ಆಕೆ ನಮ್ಮಿಂದ ನಾಲ್ಕು ಹಾಡು ಹಾಡಿಸಿ, ಚಹಾದ ಜೊತೆ ಖಾರದ ಸೇವು ಇಟ್ಟಳು. ನಮ್ಮವರ ಮನೆ ಸಿಗುವಷ್ಟರಲ್ಲಿ ಏಳು ಚಹಾ ಆಗಿತ್ತು. ಅಲ್ಲಿ ನಕ್ಷತ್ರವೇ ಇರಲಿಲ್ಲ. ತಂದಿದ್ದನ್ನು ಪಕ್ಕದ ಮನೆಯವರು ಕೇಳಿದರೆಂದು ಕೊಟ್ಟುಬಿಟ್ಟಿದ್ದರು.

ಪಾಸ್ಟರು ಬೀದಿಯಲ್ಲಿ ನಿಂತು ನನ್ನನ್ನೇ ನೋಡಿದರು. "ನೋಡಿದ್ರೇನ್ರಿ ಅಕ್ಕೋರ? ನಕ್ಷತ್ರ ನಂಬಿ ಬಂದ್ರ ಬರೀ ತಪ್ಪು ಮನಿ."

ನನಗೂ ಬೈಬಲು ಬರುತ್ತದಲ್ಲ. "ಅಯ್ಯನೋರ, ಆ ಮೂವರು ಜ್ಞಾನಿಗಳು ಏನ್ ಮಾಡಿದ್ರು? ನಕ್ಷತ್ರ ನಂಬಿ ಬಂದು ಅವ್ರೂ ಮೊದಲ ತಪ್ಪು ಮನಿಗೇ ಹೋಗಿದ್ರು. ಹೆರೋದನ ಅರಮನಿಗೆ. ಪಾಪ, ಅವ್ರಿಗೆ ಅಲ್ಲಿ ಚಹಾನೂ ಸಿಗಲಿಲ್ಲ."

ಕೆಂಪಂಗಿಯ ವೇಷ

ಎರಡನೆಯದು ಮಾನ್ವಿ ಸಭೆಗೇ ಸೇರಿದ ಕವಿತಾಳದಲ್ಲಿ. ಅಲ್ಲಿ ನಮ್ಮವರ ಮನೆಗಳು ಕೆಲವೇ ಇವೆ. ಸಾಂತಾ ತಾತ ಆಗಲು ಯಾರೂ ಸಿಗಲಿಲ್ಲವೆಂದು ನಮ್ಮ ಯಜಮಾನರೇ ಕೆಂಪಂಗಿ ತೊಟ್ಟರು. ಅವರದು ಒಣಗಿದ ತೊಗರಿ ಕಟ್ಟಿಗೆಯಂಥ ಮೈ. ಹೊಟ್ಟೆಗೆ ಎರಡು ತಲೆದಿಂಬು ಕಟ್ಟಿದೆ. ಹೆಗಲಿಗೆ ಚೀಲ, ಚೀಲದಲ್ಲಿ ಹುಡುಗರಿಗೆ ಹಂಚಲು ಚಾಕಲೇಟು. ಮುಂದೆ ಅವರು, ಹಿಂದೆ ತಾಳ ಹಿಡಿದು ನಾವು, ನಮ್ಮ ಹಿಂದೆ ಇಸ್ತ್ರಿ ಮುಖದ ಪಾಸ್ಟರು.

ಬೀದಿಯ ಮೊದಲ ಮನೆಯ ಮುಂದೆ ಹಾಡು ಶುರು ಮಾಡಿದೆವೋ ಇಲ್ಲವೋ, ಒಳಗಿನಿಂದ ಒಬ್ಬ ಮುದುಕಿ ಮೊರದ ತುಂಬ ಜೋಳ ಹಿಡಿದು ಬಂದಳು. ನಮ್ಮ ಕಡೆ ಹಗಲುವೇಷದವರು ದಿನಕ್ಕೊಂದು ವೇಷ ಹಾಕಿ ಮನೆ ಮನೆಗೆ ಬರುವುದುಂಟು. ವೇಷ ಹಾಕಿ, ಚೀಲ ಹಿಡಿದು, ಬಾಗಿಲಲ್ಲಿ ಹಾಡುವವರಿಗೆ ಕಾಳು ಹಾಕದೆ ಕಳಿಸಿದ ಮನೆ ಇಲ್ಲ.

"ಚೀಲ ತೆರಿ ಯಪ್ಪಾ" ಅಂದಳು.

"ಇಲ್ಲವಾ, ನಾವು ಬೇಡಾಕ ಬಂದಿಲ್ಲ. ಕೊಡಾಕ ಬಂದೀವಿ" ಅಂದರು ಯಜಮಾನರು.

"ಬಾಗಿಲಿಗೆ ಬಂದು ಹಾಡಿದವ್ರನ್ನ ಬರಿಗೈಲೆ ಕಳಸ್ತಾರೇನು? ನಮ್ಮ ಮನ್ಯಾಗ ಅಂಥಾ ಚಾಲಿ ಇಲ್ಲ" ಎಂದು ಆಕೆ ಚೀಲದ ಬಾಯಿ ತಾನೇ ಬಿಡಿಸಿ ಸುರಿದಳು. ಚಾಕಲೇಟು ಜೋಳದ ಕೆಳಗೆ ಮುಳುಗಿಹೋಯಿತು.

ಒಂದು ಮನೆಯವರು ಹಾಕಿದ ಮೇಲೆ ಎದುರು ಮನೆಯವರು ಬಿಟ್ಟಾರೆಯೇ? ಅಲ್ಲಿ ಸಜ್ಜೆ. ಮುಂದೆ ತೊಗರಿಬೇಳೆ. ಇನ್ನೊಂದು ಕಡೆ ಒಂದು ಹಿಡಿ ಒಣ ಮೆಣಸಿನಕಾಯಿ. ಹುಡುಗರು "ತಾತಾ ಚಾಕಲೇಟ್" ಎಂದು ಕೈ ಚಾಚಿದರೆ ಸಾಂತಾ ತಾತ ಮೊಣಕೈ ತನಕ ಚೀಲದೊಳಗೆ ಕೈ ಬಿಟ್ಟು ಕಾಳಿನಲ್ಲಿ ತಡಕಾಡಿ, ಮೆಣಸಿನಕಾಯಿ ತೆಗೆದು ಕೊಡುತ್ತಿದ್ದರು. ಅದೇ ಕೈಯಲ್ಲಿ ಗಡ್ಡದೊಳಗಿನ ಬೆವರು ಒರೆಸಿಕೊಂಡು ಕಣ್ಣು ಉರಿದು, ಬಸ್ಸಿನ ಹಳೆ ಅಭ್ಯಾಸದಿಂದ "ಮುಂದ ಹೋಗ್ರಿ, ಮುಂದ ಹೋಗ್ರಿ" ಎಂದು ಕೂಗತೊಡಗಿದರು. ಬೀದಿಯ ತುದಿಗೆ ಬಂದಾಗ ಚೀಲ ಎತ್ತಲು ಇಬ್ಬರು ಬೇಕಾಯಿತು.

"ಕೊಡಾಕ ಹೋದ ತಾತ ಹಮಾಲ ಆಗಿ ಬಂದ" ಎಂದು ಅವರು ಕಲ್ಲಿನ ಮೇಲೆ ಕುಸಿದು ಕೂತರು. ಪಾಸ್ಟರು ನನ್ನ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಬಹಳ ಗೌರವದಿಂದ ಕೇಳಿದರು: "ವೇಷ ಛಲೋ ಅದರಿ. ನಾಳಿಗೆ ಯಾವ ವೇಷ?"

ನಮ್ಮ ಯಜಮಾನರು ತಲೆ ಕೂಡ ಎತ್ತದೆ ಅಂದರು: "ನಾಳಿ ಮೂವರು ಜ್ಞಾನಿಗಳದು. ಈ ಅಯ್ಯನೋರು ಅವ್ರು ಹತ್ತೋ ಒಂಟಿ ಆಗ್ತಾರ."

ಬೆಳೆ ಛಲೋ ಬಂದದ

ಮಾನ್ವಿಯ ಗೋದಲಿಯ ಪಕ್ಕ ಸರ್ವೆ ಮರದ ದೊಡ್ಡ ಟೊಂಗೆ ನೆಟ್ಟು ಕ್ರಿಸ್ಮಸ್ ಗಿಡ ಮಾಡಿದ್ದೆ. ಚಿತ್ರಗಳಲ್ಲಿ ಆ ಗಿಡದ ಮೇಲೆ ಹಿಮ ಬಿದ್ದಿರುತ್ತದೆ. ನಮ್ಮೂರಲ್ಲಿ ಹಿಮ ಎಲ್ಲಿಂದ ಬರಬೇಕು? ಹತ್ತಿಗೇನೂ ಬರವಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಕೂತು ಎಲೆ ಎಲೆಗೂ ಹತ್ತಿ ಸಿಕ್ಕಿಸಿದೆ. ಚೆನ್ನಾಗಿಯೇ ಕಾಣುತ್ತಿತ್ತು, ನಾನೇ ಮಾಡಿದ್ದಲ್ಲವೇ.

ಅವತ್ತು ಸಂಜೆ ಕುರ್ಡಿ ಕಡೆ ಹತ್ತಿ ಬಿಡಿಸಲು ಹೋಗಿದ್ದ ಎಂಟು ಹತ್ತು ಹೆಂಗಸರ ಟಂಟಂ ಆಟೊ ನಮ್ಮ ಚರ್ಚಿನ ಮುಂದೆಯೇ ಪಂಕ್ಚರಾಯಿತು. ನೀರು ಕುಡಿಯಲು ಒಳಗೆ ಬಂದರು. ಪಾಸ್ಟರು ಅಲ್ಲೇ ಇದ್ದರು. ದೇವರೇ ಕಳಿಸಿದ ಅವಕಾಶ ಎಂದುಕೊಂಡು, "ಬರ್ರವಾ, ಗೋದಲಿ ನೋಡ್ರಿ" ಎಂದು ಕರೆದು ನಿಲ್ಲಿಸಿ ಕಥೆ ಶುರು ಮಾಡಿದೆ. ಆದಾಮನಿಂದ ಹಿಡಿದು ಹೇಳಿದೆ. ಎಂಥ ಶ್ರದ್ಧೆಯಿಂದ ಕೇಳಿದರು ಎಂದರೆ, ಕಣ್ಣು ನನ್ನ ಮುಖದ ಮೇಲೆ, ಬಾಯಲ್ಲಿ "ಹೌದಾ?", "ಅಯ್ಯ ಶಿವನೇ", "ಆಮ್ಯಾಲೇನಾತು?" ಶಾಲೆಯಲ್ಲಿ ಮೂವತ್ತು ವರ್ಷ ಇಂಥ ತರಗತಿ ಸಿಕ್ಕಿರಲಿಲ್ಲ. ನಾನು ಹಿಗ್ಗಿ ಹೀರೇಕಾಯಿಯಾಗಿ, ಪಾಸ್ಟರ ಕಡೆ ಓರೆಗಣ್ಣಲ್ಲಿ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಗಿಡ ನೋಡುತ್ತಿದ್ದರು.

ಗಿಡದಲ್ಲಿ ಒಂದು ಎಳೆ ಹತ್ತಿ ಇರಲಿಲ್ಲ.

ಬೆಳಿಗ್ಗೆಯಿಂದ ಬಿಡಿಸಿದ ಕೈ ಸುಮ್ಮನಿದ್ದೀತೇ? ನಾನು ಕಥೆಯಲ್ಲಿ ಕುರುಬರ ತನಕ ಬರುವಷ್ಟರಲ್ಲಿ ಅವರು ಕೆಳಗಿನಿಂದ ಮೇಲಿನ ತನಕ ಬಿಡಿಸಿ, ಸೀರೆಯ ಉಡಿಯಲ್ಲಿ ತುಂಬಿಕೊಂಡು ಮುಗಿಸಿದ್ದರು. ಅವರಿಗೂ ಆಗಲೇ ಎಚ್ಚರವಾಯಿತು. ಹಿರಿಯಳೊಬ್ಬಳು ನಾಲಿಗೆ ಕಚ್ಚಿಕೊಂಡು, "ಅಕ್ಕೋರ, ಮಾತಿನಾಗ ಮಾತು, ಕೈ ತನ್ನ ಪಾಡಿಗೆ ತಾ ಹೋಗ್ಯಾದ. ಎಲ್ಲಿ ಹಾಕಬೇಕ್ರಿ?" ಅಂದಳು. ನಾನು ಒಂದು ಕೈಚೀಲ ಹಿಡಿದೆ.

ಪಾಸ್ಟರು ನಗು ತಡೆದುಕೊಂಡು, "ಇರ್ಲಿ ಯವ್ವಾ. ಇದೆಲ್ಲ ನೋಡಿದ್ರೆಲ್ಲ, ನಿಮಗೇನು ತಿಳೀತು?" ಎಂದು ಕೇಳಿದರು.

ಆಕೆ ಬರಿದಾದ ಸರ್ವೆ ಟೊಂಗೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ಬೆಳಿ ಛಲೋ ಬಂದದರಿ ಸರ. ಆದ್ರ ಗಿಡಾನೇ ಹತ್ತೀದಲ್ಲ."

ದೇವದುರ್ಗದ ಬಾಣಂತಿ

ಉಳಿದದ್ದು ದೇವದುರ್ಗ ಒಂದೇ. ಹಬ್ಬದ ಹಿಂದಿನ ದಿನ ಅವ್ವನ ಪೆಟ್ಟಿಗೆ ತೆಗೆದು ಗೊಂಬೆಗಳನ್ನು ಒರೆಸಿ ಇಟ್ಟೆ. ಮರಿಯಳ ಮೂಗಿನ ಬಣ್ಣ ಹೋಗಿದೆ, ಯೋಸೇಫನ ಕೋಲು ಮುರಿದಿದೆ. ಆದರೂ ಇಷ್ಟು ವರ್ಷ ಒಮ್ಮೆಯೂ ಹಬ್ಬ ತಪ್ಪಿಸಿರಲಿಲ್ಲ ಅವು.

ಚರ್ಚಿನ ಹಿತ್ತಲ ಬೇಲಿಗೆ ಹೊಂದಿಕೊಂಡು ಒಬ್ಬ ಮುದುಕಿಯ ಮನೆ. ಹೊಲದ ಕೂಲಿ ಮಾಡಿ ಬದುಕಿದವಳು, ಜೊತೆಗೆ ಸೂಲಗಿತ್ತಿ. ಆ ಓಣಿಯ ಅರ್ಧ ಮಂದಿ ಆಕೆಯ ಕೈಯಲ್ಲೇ ಹುಟ್ಟಿದವರು. ಹಣೆಗೆ ದೊಡ್ಡ ಕುಂಕುಮ, ಬಾಯಲ್ಲಿ ಎಲೆ ಅಡಿಕೆ. ನಮ್ಮ ಸಭೆಯವಳಲ್ಲ. ಬೇಲಿ ದಾಟಿ ಬಂದು, ಸೊಂಟದ ಮೇಲೆ ಕೈಯಿಟ್ಟು ಮರಿಯಳನ್ನು ನೋಡಿದಳು.

"ಯಾವೂರಾಕಿ ಈ ಹೆಣ್ಣಮಗಳು?"

"ನಜರೇತಿನಾಕಿ, ಯವ್ವಾ. ಬೆತ್ಲೆಹೇಮಿಗೆ ಬಂದು ಹಡದಾಳ."

"ಚೊಚ್ಚಲ?"

"ಹ್ಞೂಂ."

"ಚೊಚ್ಚಲ ಬಾಣಂತನಕ್ಕ ತವರಿಗೆ ಕಳಸಲಿಲ್ಲ?"

"ಜನಗಣತಿ ಇತ್ತವಾ. ಹೆಸರು ಬರಸಾಕ ಗಂಡನ ಊರಿಗೆ ಹೋಗಿದ್ರು."

"ತುಂಬಿದ ಬಸರೀನ ಜನಗಣತಿಗೆ ಕರಕೊಂಡು ಹೋಗ್ಯಾನ?" ಎಂದು ಆಕೆ ಯೋಸೇಫನನ್ನು ನೋಡಿದ ನೋಟಕ್ಕೆ ಆ ಗೊಂಬೆಯ ಉಳಿದ ಬಣ್ಣವೂ ಉದುರಬೇಕಿತ್ತು. ಜನಗಣತಿಯ ಡ್ಯೂಟಿ ಮಾಡಿ ಬೈಸಿಕೊಂಡ ನನಗೆ ಅವನ ಮೇಲೆ ಸ್ವಲ್ಪ ಕನಿಕರವೇ ಆಯಿತು.

"ಹಡದ ಮ್ಯಾಲೆ ಯಾರು ನೋಡಿಕೊಂಡ್ರು ಆಕೀನ?"

ಎಷ್ಟು ಸಲ ಆ ಕಥೆ ಹೇಳಿದ್ದೇನೋ, ಯಾರೂ ಅದನ್ನು ಕೇಳಿರಲಿಲ್ಲ. ಮೂರು ಹೆತ್ತ ನನಗೂ ಹೊಳೆದಿರಲಿಲ್ಲ. "ಬೈಬಲಿನಾಗ ಬರದಿಲ್ಲವಾ" ಅಂದೆ.

"ಬರದಿಲ್ಲ?" ಎಂದು ಆಕೆ ಎಲೆ ಅಡಿಕೆ ಉಗಿಯಲು ಹೊರಗೆ ಹೋದಳು. ಮತ್ತೆ ಬರಲಿಲ್ಲ.

ಮರುದಿನ ಹಬ್ಬ. ಕೂಸನ್ನು ಗೋದಲಿಯಲ್ಲಿಟ್ಟು ಆರಾಧನೆಗೆ ಕೂತೆವು. ಪಾಸ್ಟರು ಮುಕ್ಕಾಲು ಗಂಟೆ ಪ್ರಸಂಗ ಮಾಡಿದರು. ಆಡಂಬರ ಬಿಡಬೇಕು ಎಂದು ಹೇಳುವಾಗ ಮೂರು ಸಲ ನನ್ನ ಕಡೆ ನೋಡಿದರು. ಆಮೇಲೆ ಹೊರಗೆ ಅಂಗಳದಲ್ಲಿ ಊಟ. ಕವಿತಾಳದ ಬೀದಿ ಹಾಕಿದ ಜೋಳದ್ದೇ ರೊಟ್ಟಿ, ಆ ಬೀದಿಯದೇ ಬೇಳೆ. ಎರಡನೇ ರೊಟ್ಟಿಗೆ ಕೈ ಹಾಕಿದ್ದೆ, ಯಾರೋ ಕೂಗಿದರು: "ಗೋದಲಿಗೆ ಬೆಂಕಿ ಬಿದ್ದದ!"

ನಾನು ಎಂಜಲು ಕೈಯಲ್ಲೇ ಓಡಿದೆ. ಪಾಸ್ಟರು ನೀರಿನ ಬಕೆಟ್ ಹಿಡಿದು, ಯಜಮಾನರು ಹಬ್ಬಕ್ಕೆಂದು ಮತ್ತೆ ತೊಟ್ಟ ಕೆಂಪಂಗಿಯಲ್ಲೇ ದಿಂಬು ಹಿಡಿದುಕೊಂಡು ನನ್ನ ಹಿಂದೆ. ಒಳಗೆಲ್ಲ ದಟ್ಟ ಹೊಗೆ. ಲೋಬಾನದ ವಾಸನೆ, ಅಜವಾನದ ವಾಸನೆ. ಹೊಗೆಯ ನಡುವೆ ನಮಗೆ ಬೆನ್ನು ಮಾಡಿ ಹಿತ್ತಲ ಮನೆಯ ಯವ್ವ ಕೂತಿದ್ದಳು. ಹುಲ್ಲನ್ನೆಲ್ಲ ಬದಿಗೆ ಗುಡಿಸಿ, ಮಣ್ಣಿನ ಅಗ್ಗಿಷ್ಟಿಗೆಯಲ್ಲಿ ಸಗಣಿ ಕುಳ್ಳಿನ ಕೆಂಡ ಇಟ್ಟಿದ್ದಳು.

ಮರಿಯಳು ಮಲಗಿದ್ದಳು. ಕೆಳಗೆ ಮಡಚಿದ ಕೌದಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಕಿವಿಗೆ ಹತ್ತಿ. ಮಾನ್ವಿಯಿಂದ ತಂದು ಮೂಲೆಯಲ್ಲಿಟ್ಟಿದ್ದ ನನ್ನ ಹಿಮದ ಚೀಲ ತೆರೆದಿತ್ತು. ಮೊಣಕಾಲೂರಿ ಕೈಜೋಡಿಸಿದ ಗೊಂಬೆ ಅದು. ಮಗ್ಗುಲಾಗಿ ಮಲಗಿಸಿದ ಮೇಲೆ ನೋಡಿದರೆ, ದಣಿದ ಹುಡುಗಿಯೊಬ್ಬಳು ಕಾಲು ಮಡಚಿ, ಕೆನ್ನೆಯ ಹತ್ತಿರ ಕೈಯಿಟ್ಟು ನಿದ್ದೆ ಹೋದ ಹಾಗೇ ಇತ್ತು. ಇಷ್ಟು ವರ್ಷದಲ್ಲಿ ಆಕೆ ಮಲಗಿದ್ದು ಅದೇ ಮೊದಲು. ಕೂಸು ಕುಂಚಿಗೆಯೊಳಗೆ, ಕೆನ್ನೆಗೆ ಕಾಡಿಗೆಯ ಬೊಟ್ಟು. ಯೋಸೇಫನನ್ನೂ ಜ್ಞಾನಿಗಳನ್ನೂ ಕುರುಬರನ್ನೂ ಚರ್ಚಿನ ಹೊಸ್ತಿಲಾಚೆ ಸಾಲಾಗಿ ನಿಲ್ಲಿಸಿದ್ದಳು, ಮುಖ ಆಚೆಗೆ ಮಾಡಿ.

"ಏನ್ ಮಾಡಾಕತ್ತೀಯವಾ?" ಅಂದೆ.

ಆಕೆ ಗದರಿದಳು. "ನೀನೂ ಹಡದಾಕಿ, ಅಕ್ಕಾ. ಹಸಿ ಬಾಣಂತೀನ ಥಂಡ್ಯಾಗ ಮೊಣಕಾಲ ಮ್ಯಾಲ ಕುಂದರಿಸೀಯಲ್ಲ, ನಿನಗ ಕರುಳಿಲ್ಲೇನು? ಕೂಸು ಬರಿಮೈಲೆ ಇತ್ತು!"

 ಇಣುಕಿದ ಯಜಮಾನರಿಗೆ, "ಗಡ್ಡದವ್ರೆಲ್ಲ ಹೊರಗ!" ಎಂದಳು. ಅವರು ಹೋಗಿ ಜ್ಞಾನಿಗಳ ಸಾಲಿನಲ್ಲಿ ನಿಂತರು.

ಪಾಸ್ಟರು ಬಕೆಟ್ ಕೆಳಗಿಟ್ಟರು. ಮೆತ್ತಗೆ ಕೇಳಿದರು, "ಯವ್ವಾ, ಆ ಕೂಸು ದೇವರು ಅಂತ ನಾವು ನಂಬೀವಿ. ದೇವರಿಗೆ ಥಂಡಿ ಹತ್ತತದೇನು?"

"ಯಪ್ಪಾ," ಅಂದಳು ಆಕೆ, ಕೆಂಡದ ಮೇಲೆ ಇನ್ನೊಂದು ಚಿಟಿಕೆ ಲೋಬಾನ ಹಾಕುತ್ತ. "ದೇವ್ರಾಗೇ ಇರಬೇಕಂದ್ರ ಮ್ಯಾಲೇ ಇರ್ತಿದ್ದ. ಕೂಸಾಗಿ ಬಂದಾನಂದ್ರ ನಾವು ಎತ್ತಿಕೊಳ್ಳಲಿ ಅಂತ ಬಂದಾನ. ನೀವು ನೋಡಿದ್ರ ಎಲ್ಲಾರೂ ಕೈ ಮುಗದು ದೂರ ನಿಂತೀರಿ. ಎತ್ತಿಕೊಳ್ಳಾವ್ರು ಯಾರು?"

 ಪಾಸ್ಟರ ಕಣ್ಣಲ್ಲಿ ನೀರಿತ್ತು. ಹೊಗೆಯದು ಎಂದು ಅವರು ಈಗಲೂ ಹೇಳುತ್ತಾರೆ. ನನ್ನದು ಹೊಗೆಯದಲ್ಲ. ಅವ್ವ ತಲೆಯ ಮೇಲೆ ಹೊತ್ತು ತಿರುಗಿದ ಕಥೆ ಕೊನೆಗೂ ಒಂದು ಮನೆಗೆ ಹೋಗಿ ಮುಟ್ಟಿತ್ತು, ಅದೂ ಅವಳು ನಡೆದ ದೇವದುರ್ಗದಲ್ಲೇ. 

ಪಾಸ್ಟರು ಒಳಗೆ ಒಂದು ಹೆಜ್ಜೆ ಇಟ್ಟರು. "ಅಲ್ಲೇ ನಿಂದ್ರು!" ಎಂದಳು ಯವ್ವ. "ಹೊರಗಿಂದ ಬಂದೀ, ಕಾಲು ತೊಳಕೊಂಡು ಬಾ. ಮತ್ತ ನಾಳಿ ಮುಂಜಾನಿ ನಾ ತಾಯಿ ಕೂಸಿಗೆ ನೀರು ಎರಿಯಾಕ ಬರ್ತೀನಿ. ನೀರು ಕಾಸಿ ಇಡು."

ಅವತ್ತು ಮಾನ್ವಿಗೆ ಬಂದು ಮಲಗಿದವಳಿಗೆ ಬೆಳಗಿನ ಜಾವ ಥಟ್ಟನೆ ಹೊಳೆಯಿತು. ಅವ್ವನ ಗೊಂಬೆ ಪ್ಲಾಸ್ಟರಿನದು! ಬಿಸಿನೀರು ಹಾಕಿದರೆ ಕರಗಿ ಹೋಗುತ್ತದೆ. ಮೊದಲ ಬಸ್ಸಿಗೇ ದೇವದುರ್ಗಕ್ಕೆ ಓಡಿದೆ. ಆ ಯವ್ವನಿಗೆ ಹೇಗೆ ಹೇಳುವುದು, ರಾತ್ರಿ ಅಲ್ಲೇ ಉಳಿದಿದ್ದ ಪಾಸ್ಟರಿಂದಲೇ ಹೇಳಿಸಿದರಾಯಿತು, ಅವರು ಓದಿದವರು ಎಂದುಕೊಂಡು ಚರ್ಚಿನ ಹಿತ್ತಲಿಗೆ ಹೋದೆ.

ಅಲ್ಲಿ ಮೂರು ಕಲ್ಲಿನ ಒಲೆ. ಒಲೆಯ ಮೇಲೆ ಹಂಡೆ. ಒಲೆಯ ಮುಂದೆ ನಮ್ಮ ಪಾಸ್ಟರು ತುದಿಗಾಲಲ್ಲಿ ಕೂತು ಊದುಗೊಳವೆಯಿಂದ ಊದುತ್ತಿದ್ದರು. ಅಂಗಿಗೆ ಇಸ್ತ್ರಿ ಇರಲಿಲ್ಲ, ಮುಖಕ್ಕೂ ಇರಲಿಲ್ಲ. ಕೆನ್ನೆ ತುಂಬ ಮಸಿ. ನನ್ನನ್ನು ಕಂಡದ್ದೇ ಗಾಬರಿಯಿಂದ ಎದ್ದು ನಿಂತರು.

"ಬಂದ್ರೇನ್ರಿ ಅಕ್ಕೋರ, ಛಲೋ ಆತು. ಯವ್ವ ಇನ್ನೇನು ಬರ್ತಾಳ. ನನಗ ಇದೆಲ್ಲ ಗೊತ್ತಿಲ್ಲ. ಈ ನೀರು ಕೂಸಿಗೆ ಸುಡ್ತದೇನು, ನೀವೊಮ್ಮೆ ಕೈ ಹಾಕಿ ನೋಡ್ರಿ."

ನಾನು ಕೈ ಹಾಕಿ ನೋಡಿದೆ. ಸ್ವಲ್ಪ ಸುಡುತ್ತಿತ್ತು. ಒಂದು ಚೊಂಬು ತಣ್ಣೀರು ಬೆರೆಸಿದೆ.